ಕಲ್ಲಿನಾಚೆ ಮೂರು ಹೆಜ್ಜೆ

ರಾಯದುರ್ಗ ಬಿಟ್ಟು ಮೊಳಕಾಲ್ಮೂರಿನ ದಿಕ್ಕಿಗೆ
ಡಾಂಬರಿನ ಬಣ್ಣ ಬದಲಾಗುವ ಕಡೆ ನನ್ನ ಚಾದಂಗಡಿ.
ಒಲೆ ಆಂಧ್ರದ್ದು, ಗಿರಾಕಿ ಕೂರುವ ಬೆಂಚು ಕರ್ನಾಟಕದ್ದು.
ನಡುವಿನ ಗಡಿಕಲ್ಲಿನ ಅಕ್ಷರ
ಮೇಕೆಗಳು ಬೆನ್ನು ತಿಕ್ಕಿ ಸವೆಸಿಬಿಟ್ಟಿವೆ.

ನಮಗದು ಯಾವತ್ತೂ ಲೆಕ್ಕಕ್ಕಿರಲಿಲ್ಲ.
ಈಚೆ ಕನ್ನಡ ಆಡುತ್ತೇವೆ, ಆಚೆಯೂ ತೆಲುಗು ಕೇಳುತ್ತದೆ,
ಹೆಣ್ಣು ಕೊಟ್ಟದ್ದು ಆಚೆ, ತಂದದ್ದೂ ಆಚೆಯಿಂದಲೇ.
ಕಲ್ಲು ಇದೆಯೆಂದು ಖಾತ್ರಿಯಾಗಿ ಗೊತ್ತಿದ್ದದ್ದು
ಫೋನಿಗೊಂದಕ್ಕೇ.

ಗಾದಿಲಿಂಗ ಮೊದಲು ಕಂಡುಹಿಡಿದ.
ಒಲೆಯ ಪಕ್ಕ ನಿಂತರೆ ಬೂದು ಪರದೆ:
‘ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ.’
ಕಲ್ಲು ದಾಟಿ ಮೂರು ಹೆಜ್ಜೆ ಇಟ್ಟರೆ
ಹಸಿರು ಮೇಜು, ಆಟೀನ್ ರಾಣಿ, ಕಳಾವರ್ ಎಕ್ಕ.
ಆಮೇಲೆ ರಾತ್ರಿ ಒಂಬತ್ತಕ್ಕೆ ಬೈಕುಗಳು ಬರತೊಡಗಿದವು,
ಜೀನ್ಸು ಹೊಲಿಯುವ ಹುಡುಗರು, ಉಗುರಿನ ಸಂದಿಯಲ್ಲಿ ನೀಲಿ.
ಒಂದೇ ಬೆಂಚು, ಆರು ಜನ,
ಒಬ್ಬೊಬ್ಬನೂ ಒಂದೊಂದು ಊರಿನವರ ಜೊತೆ ಪೋಕರ್.

ಮುಂಚೆ ಇವರಪ್ಪಂದಿರು ಮೋರಿ ಕೆಳಗೆ ಅಂದರ್ ಬಾಹರ್ ಆಡುವಾಗ
ಗೆದ್ದವನು ಸೋತವನಿಗೆ ಚಾ ಕುಡಿಸುತ್ತಿದ್ದ,
ಪೊಲೀಸರು ಬಂದರೆ ಇಬ್ಬರೂ ಒಂದೇ ಜಾಲಿಗಿಡದ ಹಿಂದೆ.
ಇಲ್ಲಿ ಗೆದ್ದವನು ಯಾರೋ ಏನೋ.
ಸೋತವನ ಚಾ ನನ್ನ ಸಾಲದ ಪುಸ್ತಕದಲ್ಲಿ.

‘ಮುಖವೇ ಕಾಣದವನ ಸುಳ್ಳು ಹೆಂಗೋ ಹಿಡೀತಿ?’ ಅಂದೆ.
‘ತಡಮಾಡ್ತಾನಲ್ಲಕ್ಕ, ಆ ಸೆಕೆಂಡು ಓದಬೇಕು.
ಜಾಸ್ತಿ ತಡಮಾಡಿದ ಅಂದ್ರೆ ಕೈಯಾಗೆ ಎಲೆ ಇಲ್ಲ.’
ಹಂಗೆ ಓದಿ ಓದಿಯೇ
ಹೊಲಿಗೆ ಮಿಷನ್ನಿನ ಮೋಟಾರು ಕಳೆದ.
ಈಗ ಕಾಲಲ್ಲಿ ತುಳಿದು ಹೊಲಿಯುತ್ತಾನೆ.

ಒಂದು ಶ್ರಾವಣದಲ್ಲಿ ಬೆಂಚಿನ ಮೇಲೂ ಪರದೆ ಬೂದಾಯಿತು.
ಈ ಸಲ ಡಿಲ್ಲಿಯದಂತೆ; ಕಲ್ಲಿಗೆ ಕೆಲಸ ಹೋಯಿತು.
ಸುಳ್ಳು ಯಾಕೆ, ನನಗೆ ಖುಷಿಯಾಯಿತು.
ಹಾಲು ಒಂದು ಲೀಟರು ಕಡಿಮೆ ತರಿಸಿದೆ,
ಮಾರೆಮ್ಮನಿಗೆ ಕಾಯಿ ಒಡೆಸಿದೆ.

ಕಾರ್ತೀಕದಲ್ಲಿ ಪಾಲಮ್ಮ ಬಂದಳು, ಒಂಬತ್ತನೇ ಕ್ಲಾಸು.
ಜೀನ್ಸು ತೊಳೆದ ನೀರು ಹಳ್ಳಕ್ಕೆ ಬಿದ್ದು
ಅವರ ಮನೆ ಕೋಳಿಯ ಕಾಲು ನೀಲಿಯಾಗಿತ್ತು.
ಅದನ್ನೇ ವಿಡಿಯೋ ಮಾಡಿ ಹಾಕಿದ್ದಳು, ಮಾತಿಲ್ಲ,
ಕೋಳಿ ನಡೆಯುವುದು, ಅಷ್ಟೇ.
ಮೂರನೇ ದಿನಕ್ಕೆ ಒತ್ತಿದರೆ ಬೂದು ಪರದೆ,
‘ನಿಮ್ಮ ಪ್ರದೇಶದಲ್ಲಿ ಇದು ಲಭ್ಯವಿಲ್ಲ.’
ನಾನು ಕಾಯಿ ಒಡೆಸಿದ್ದು ಈ ವಾಕ್ಯಕ್ಕೇ,
ಒಂದಕ್ಷರ ಆಚೀಚೆ ಇಲ್ಲ.

ಯಾರೋ ಹೇಳಿದ್ದರಂತೆ, ಕಲ್ಲು ದಾಟಿದರೆ ತೆರೆಯುತ್ತದೆಂದು.
ಫೋನು ಎದೆಯ ಮುಂದೆ ಹಿಡಿದು
ಮೂರು ಹೆಜ್ಜೆ ಹೋದಳು, ಹತ್ತು, ಇಪ್ಪತ್ತು,
ಶೇಂಗಾ ಕಿತ್ತ ಹೊಲದಲ್ಲಿ ತಲೆ ಚುಕ್ಕಿಯಾಗುವವರೆಗೆ.
ಕೂಗಿ ಕರೆದೆ. ಕೇಳಿಸಲಿಲ್ಲ.

ಕತ್ತಲಾದ ಮೇಲೆ ಗಾದಿಲಿಂಗನೇ ಅವಳ ಫೋನಿಗೆ ಏನೋ ಇಳಿಸಿದ.
ಅವನ ಫೋನಿನಲ್ಲೂ ಅದೇ ಇದೆಯೆಂದು ಆಗ ತಿಳಿಯಿತು.
‘ಈಗ ಫೋನು ಯಾವುದೋ ದ್ವೀಪದಾಗೈತೆ ಅಕ್ಕ.
ಅಲ್ಲಿ ಆಟಾನೂ ಐತೆ, ಕೋಳೀನೂ ಐತೆ.
ಬರೋ ವರ್ಷ ಈ ತೂತೂ ಮುಚ್ತಾರಂತೆ.’

ಬೆಂಚಿನ ಈ ತುದಿಗೆ ಅವನು, ಆ ತುದಿಗೆ ಅವಳು,
ನಡುವೆ ಎರಡು ಚಾ, ಎರಡೂ ಸಾಲ.
ಅವನನ್ನು ಬೈದು ಎಬ್ಬಿಸಲು ಸೌಟು ಎತ್ತಿದೆ.
ಇಬ್ಬರೂ ನುಸುಳಿದ್ದು ಒಂದೇ ತೂತಿನಲ್ಲಿ;
ಒಬ್ಬರನ್ನು ಬಿಟ್ಟು ಒಬ್ಬರನ್ನು ಹೇಗೆ ಎಬ್ಬಿಸಲಿ?
ಹಾಲು ಉಕ್ಕಿತು, ಅತ್ತ ಹೋದೆ.

ಅವಳ ಪರದೆಯಲ್ಲಿ ಸಣ್ಣ ಚಕ್ರ ತಿರುಗುತ್ತಲೇ ಇತ್ತು.
ಗಾದಿಲಿಂಗ ಬಗ್ಗಿ ನೋಡಿದ.
‘ತಡಮಾಡ್ತಿದಾನೆ ನೋಡವ್ವ. ಕೈಯಾಗೆ ಎಲೆ ಇಲ್ಲ ಅವನಿಗೆ.’

ಮೋಟಾರು ಕಳೆದ ರಾತ್ರಿಯೂ
ಹೀಗೇ ಅಂದಿದ್ದ.