ಬದಲಿ ಗುಡ್ಡ

ಕಬ್ಬರಗಿ ದಾರಿ ಬಿಟ್ಟು ಜಾಲಿ ಮುಳ್ಳು ದಾಟಿದರೆ
ಊರವರು ಕೌಜಗಲ್ಲು ಅನ್ನುವ ಕೆಂಪು ಗುಡ್ಡ.
ಬೆಳಗಿನ ಏಳಕ್ಕೆ ನೆರಳು ಉದ್ದ,
ಚಿತ್ರ ಕೆಡುತ್ತದೆ. ಕಾದೆವು.

ಕಾಯುವಾಗ ಯಮನೂರಪ್ಪ ಕೇಳಿದ:
‘ಏನ್ ಹುಡಕಾಕ ಬಂದೀರಿ ಮೇಡಮ್ಮಾರ?’
ಎಣ್ಣೆ, ಅಂದೆ.
ಅವನು ನಕ್ಕ ರಭಸಕ್ಕೆ ಆಡು ಕತ್ತೆತ್ತಿ ನೋಡಿತು.
‘ಅದಕ್ಯಾಕ್ರಿ ಈ ಯಂತ್ರದ ಹಕ್ಕಿ?
ಹನುಮಸಾಗರ ಬಸ್‌ಸ್ಟ್ಯಾಂಡ್ ಹಿಂದ ಎರಡು ಅಂಗಡಿ ಅದಾವ,
ಮುಂಜಾನೆನ ತೆಗೀತಾವ.’

ಇಲ್ಲಿ ಎಣ್ಣೆ ಇಲ್ಲ, ಎಂದೂ ಇರಲಿಲ್ಲ.
ಇರುವುದು ಎಲ್ಲೋ ಕಡಲಿನ ತಳದಲ್ಲಿ, ಎರಡು ಕಿಲೋಮೀಟರ್ ಕೆಳಗೆ,
ಇಂಥದೇ ಮರಳುಗಲ್ಲಿನ ಹೊಟ್ಟೆಯಲ್ಲಿ.
ಅದನ್ನು ಕಂಡವರಿಲ್ಲ.
ತೋಳಿನಷ್ಟು ದಪ್ಪದ ಒಂದು ತೂತು, ಹರದಾರಿ ಆಚೆ ಇನ್ನೊಂದು;
ನಡುವೆ ಏನಿದೆ ಅನ್ನುವುದು ಊಹೆ.
ಕಾಣದ ತಮ್ಮನ ಅಂಗಿಗೆ
ಅಣ್ಣನ ಮೈ ಅಳೆದಂತೆ ಈ ಗುಡ್ಡ ಅಳೆಯುತ್ತೇವೆ.

‘ಹಂಗಾರ ಇದು ಬದಲಿ ಆಳು’ ಅಂದ.
‘ನಾನೂ ಅಣ್ಣನ ಹೆಸರಿನ್ಯಾಗ
ಹನ್ನೊಂದು ವರ್ಷ ಕ್ವಾರಿಗೆ ಹೋಗೀನ್ರಿ.
ಹಾಜರಿ ಅವಂದು, ಹೊಡತ ನಂದು.’

ಸುಣ್ಣದಲ್ಲಿ ಹನ್ನೆರಡು ಕಡೆ ಗುರುತು ಹಾಕಿದೆವು.
ಡ್ರೋನ್ ಏರಿತು, ಇಳಿಯಿತು, ಒಂದು ಮಾರು ಸರಿದು ಮತ್ತೆ ಏರಿತು,
ಸಾರಿಸುವ ಕೈ ಹಿಂದಿನ ಬಳಿತದ ಅಂಚನ್ನು
ಬಿಡದೆ ಹಿಡಿದು ಬರುವ ಹಾಗೆ.
ಗೋಡೆಯ ತುಂಬ ಓರೆ ಗೆರೆ:
ನದಿ ಆಗ ಬಡಗಣಕ್ಕೆ ಹರಿಯುತ್ತಿತ್ತು.
ಹುಲ್ಲು ಹುಟ್ಟಿರಲಿಲ್ಲ, ಮೀನು ಹುಟ್ಟಿರಲಿಲ್ಲ,
ದಂಡೆಗೆ ದಂಡೆ ಅನ್ನಲು ಯಾರೂ ಇರಲಿಲ್ಲ.

ಮೂರನೆಯ ಗುರುತಿನ ಹತ್ತಿರ ಅವನು ಬಾಟ್ಲಿ ಬಗ್ಗಿಸಿದ.
ಮೇಲಿನ ಪದರು ಗಟಗಟ ಕುಡಿಯಿತು.
ಕೆಳಗೆ ಬೂದು ಬಣ್ಣದ ಒಂದು ಪಟ್ಟಿ, ಮೂರು ಬೆರಳು ದಪ್ಪ.
ನೀರು ಅಲ್ಲಿಗೆ ಬಂದು ನಿಂತಿತು,
ಯೋಚಿಸಿದಂತೆ, ಪಕ್ಕಕ್ಕೆ ಹೊರಳಿತು.
‘ಉಳಿ ಇಲ್ಲೇ ಇಡಬೇಕ್ರಿ, ಚಪ್ಪಡಿ ತಾನ ಬಿಡತೈತಿ.
ನಮಗ ಅಪ್ಪ ಹೇಳಿದ್ದು. ನೀರಿಗ್ಯಾರ ಹೇಳಿದ್ರೋ.’
ಇದನ್ನೇ ಹೇಳಲು ನನ್ನ ವರದಿಗೆ
ನಲವತ್ತು ಪುಟ ಬೇಕು.

ರಾತ್ರಿ ಕುಷ್ಟಗಿಯ ಲಾಡ್ಜು.
ಲ್ಯಾಪ್‌ಟಾಪು ಹಂಚಿನಂತೆ ಕಾದಿದೆ.
ಚುಕ್ಕೆಗೆ ಚುಕ್ಕೆ ಕೂಡಿ, ಒಂಬತ್ತು ಕೋಟಿ ಚುಕ್ಕೆ,
ಮಂಚದ ಮೇಲೆ ಕೌಜಗಲ್ಲು ಎದ್ದಿತು.
ಒಂದು ಬೆರಳಲ್ಲಿ ತಿರುಗಿಸಿದೆ. ತೂಕವಿಲ್ಲ.
ಬೆನ್ನ ಹಿಂದೆ ಹೋಗಿ ನೋಡಿದರೆ ಒಳಗೇನೂ ಇಲ್ಲ,
ಹಾವು ಕಳಚಿಟ್ಟ ಪೊರೆ.
ಹೆಜ್ಜೇನು ಕಟ್ಟಿದ ಚಾಚಿನ ಅಡಿಗೆ ಕಪ್ಪು ತೂತು,
ಅಲ್ಲಿಗೆ ಹೋಗಲು ಯಂತ್ರವೂ ಹೆದರಿತ್ತು.

ಆಡಿಗೆ ಆರು ಕಾಲು, ತಲೆಯಿಲ್ಲ.
ಅಳಿಸಿದೆ. ಬಾಟ್ಲಿ ಅಳಿಸಿದೆ. ಜಾಲಿ ಅಳಿಸಿದೆ.
‘ಜನ, ಜಾನುವಾರು ತೆಗೆಯತಕ್ಕದ್ದು’ ಎಂದು ನಿಯಮ.

ಯಮನೂರಪ್ಪ ಮಾತಾಡುತ್ತಲೇ ಇದ್ದವನು,
ಮುಖ ಹೊಗೆಯಾಗಿದೆ, ರುಮಾಲು ಮೂರಾಗಿದೆ.
ಬೂದು ಪಟ್ಟಿಯ ಮೇಲಿಟ್ಟ ಕೈ ಮಾತ್ರ
ಅಲುಗಿಲ್ಲ: ಸೀಳಿದ ಉಗುರೂ ಸ್ಪಷ್ಟ.
ಪಟ್ಟಿ ಅಳೆದೆ. ಐದೂವರೆ ಸೆಂಟಿಮೀಟರ್.
ಮೂರು ಬೆರಳು ಅಳೆದೆ. ಅಷ್ಟೇ.
ಅಳಿಸುವ ಗುಂಡಿಯ ಮೇಲೆ ನನ್ನ ಬೆರಳು,
ಕರೆಂಟು ಹೋಯಿತು. ಮಲಗಿದೆ.

ಮರುದಿನ ಗೂಟ ಕೀಳಲು ಹೋದಾಗ ಕೇಳಿದ:
‘ಗುಡ್ಡ ಹಿಡಿಸ್ತೇನ್ರಿ ಚೀಲದಾಗ?’
ಹಿಡಿಸಿತು, ಅಂದೆ.
ಅವನು ಹಿಂದಿರುಗಿ ಒಮ್ಮೆ ನೋಡಿದ, ಖಾತ್ರಿ ಮಾಡಿಕೊಳ್ಳುವಂತೆ.
‘ಇಲ್ಲೇ ಐತಲ್ರಿ ಮತ್ತ.’