ಮೂರು ಚಳಿಯ ಬೆಳಗು

ಅರ್ಡಿಸ್ ಟ್ವೆಟನ್ ಬಂದಾಗ ಶಟರ್ ಇನ್ನೂ ಅರ್ಧ ಎತ್ತಿದ್ದೆ.
"ಓರ್ವಿಲ್, ಈ ಹಳದಿ ದೀಪವೊಂದು ಆರಿಸಿಕೊಡು,
ಶನಿವಾರ ಗ್ರೇಟ್ ಫಾಲ್ಸ್‌ನಿಂದ ಗಿರಾಕಿ ಬರ್ತಾನೆ."
ಎಂಜಿನ್ ಬಂದ್ ಮಾಡಿರಲಿಲ್ಲ. ಮಾಡಿದರೆ
ಮತ್ತೆ ಹತ್ತುತ್ತದೋ ಇಲ್ಲವೋ.
ಈಗಷ್ಟೇ ನಿದ್ದೆ ಹತ್ತಿದ ಮಗುವಿನ ಪಕ್ಕದಿಂದ ಎದ್ದವಳ ಹಾಗೆ
ಟ್ರಕ್ಕಿನ ಬಾಗಿಲು ಮೆಲ್ಲಗೆ ಮುಚ್ಚಿದಳು.

ಆರಿಸುವುದೇನು ಮಹಾ.
ಎಂಜಿನ್ ನಿಲ್ಲಿಸಿ, ಕೀಲಿ ಅರ್ಧ ತಿರುಗಿಸಿ,
ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ
ಒಂದು ಗುಂಡಿ ಒತ್ತಿದರಾಯಿತು.
ಒಂದು ಅಕ್ಷರ, ನಾಲ್ಕು ಅಂಕಿ:
ಒಳಗೆಳೆದ ಗಾಳಿ ಬಿಸಿಯಾಗುತ್ತಿಲ್ಲವೆಂಬ ದೂರು.
ಒತ್ತಿದೆ. ಆರಿತು. ಇಪ್ಪತ್ತು ಡಾಲರ್ ಕೊಟ್ಟಳು,
ಇಸಿದುಕೊಂಡೆ. ನಾಚಿಕೆ ಆಮೇಲೆ ಬಂತು,
ಗುರುವಾರ, ದೀಪದ ಜೊತೆಗೇ.

ಡೀಸೆಲ್ಲಿಗೆ ಕಿಡಿ ಹಚ್ಚುವವರು ಯಾರೂ ಇಲ್ಲ.
ಗಾಳಿಯನ್ನು ಅದುಮಿ ಅದುಮಿ
ಅದರ ಸಿಟ್ಟಿನಲ್ಲೇ ಉರಿದುಕೊಳ್ಳಬೇಕು.
ಕಟ್ ಬ್ಯಾಂಕಿನ ಜನವರಿಯಲ್ಲಿ
ಗಾಳಿಗೆ ಸಿಟ್ಟೂ ಬರುವುದಿಲ್ಲ.
ಅದಕ್ಕೇ ಗಂಟಲಲ್ಲೊಂದು ಜಾಲರಿ,
ಬ್ರೆಡ್ಡು ಸುಡುವ ಡಬ್ಬಿಯ ತಂತಿಯಂಥದು,
ಕೆಂಪಗೆ ಕಾದು
ಮೊದಲ ಉಸಿರನ್ನು ಬೆಚ್ಚಗೆ ಮಾಡಿ ಒಳಗೆ ಬಿಡುತ್ತದೆ.

ಹೋದ ವರ್ಷ ಶೆಲ್ಬಿಯವನು ಸೆನ್ಸರ್ ಬದಲಿಸಿದ್ದನಂತೆ.
ಅದರ ಹಿಂದಿನ ವರ್ಷ ಇವಳೇ ಎರಡು ಬ್ಯಾಟರಿ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಾನು ಮಡ್‌ಗಾರ್ಡಿನ ಒಳಗೆ ಮೊಣಕೈವರೆಗೆ ಕೈ ಹಾಕಿದೆ.
ರಿಲೇ ಹತ್ತಿರ ಒಂದು ನಟ್ಟು,
ಬೆರಳಿಗೇ ಅಲುಗಿತು,
ಉಗುರಿನ ತುಂಬ ಹಸಿರು ಪುಡಿ.
ಅಷ್ಟೇ. ನಾಲ್ಕು ಚಳಿಗಾಲ ಅಷ್ಟೇ.
ತಂತಿ ಬ್ರಷ್ಷಿನಲ್ಲಿ ತಿಕ್ಕಿದೆ,
ತಾಮ್ರ ತಾಮ್ರದ ಹಾಗೆ ಕಾಣುವ ತನಕ.

"ಸರಿ, ಈಗ ಒರೆಸು" ಎಂದಳು.
ಒರೆಸಲ್ಲ ಅಂದೆ. ಒರೆಸಿದ ಜಾಗವೂ ಕಾಣುತ್ತದೆ, ಅರ್ಡಿಸ್,
ಗಿರಾಕಿಯೂ ಸ್ಕ್ಯಾನರ್ ತರುತ್ತಾನೆ.
ಮೂರು ಬೆಳಗು, ಸಾಲಾಗಿ,
ರಾತ್ರಿಯಿಡೀ ಹೆಪ್ಪುಗಟ್ಟಿ ನಿಂತ ಟ್ರಕ್ಕು
ಸರಿಯಾಗಿ ಕಾದು ಏಳಲಿ.
ಆಗ ತಾನೇ ಆರಿಸಿಕೊಳ್ಳುತ್ತದೆ.

ಆ ರಾತ್ರಿಯೇ ಶಿನೂಕ್ ಗಾಳಿ ಬೀಸಬೇಕೇ!
ಬೆಟ್ಟದ ಮೇಲೆ ಕಮಾನಿನಂಥ ಮೋಡ,
ಸೂರಿನಿಂದ ತೊಟ್ಟಿಕ್ಕುವ ಹಿಮ,
ಊರೆಲ್ಲ ಕೋಟು ಕಳಚಿ ಬೀದಿಯಲ್ಲಿ ನಗುತ್ತ.
ಜಾಲರಿಗೆ ಕೆಲಸವೇ ಇಲ್ಲ;
ಕೆಲಸವಿಲ್ಲದವರ ಮೇಲೆ ತಪ್ಪೂ ಹೊರಿಸಲಾಗದು, ಒಪ್ಪೂ.
ಅರ್ಡಿಸ್ ಒಬ್ಬಳು ನನ್ನ ಬಾಗಿಲಲ್ಲಿ ನಿಂತು
ಒಳ್ಳೆಯ ಹವೆಗೆ ಶಾಪ ಹಾಕಿದಳು.
ಗಿರಾಕಿ ಬಂದ. ದೀಪ ನೋಡಿದ. ಟೈರಿಗೆ ಒದ್ದ.
ಅರ್ಧ ಬೆಲೆ ಹೇಳಿ, ಅವಳ ಬಾಯಿಂದ ಏನು ಕೇಳಿದನೋ,
ಕಾಫಿ ಮುಗಿಸದೆ ಹೋದ.

ಮಂಗಳವಾರ ಬಡಗಣ ಗಾಳಿ.
ಬುಧ. ಗುರು.
ಶುಕ್ರವಾರ ಕತ್ತಲಿರುವಾಗಲೇ ಅವಳ ಅಂಗಳಕ್ಕೆ ಹೋದೆ,
ಕರೆದಿರಲಿಲ್ಲ.
ಹುಲ್ಲಿನ ಉರುಳೆಗಳ ಮೇಲೆ ಮಂಜು, ಮೂಗಿನ ಕೂದಲೂ ಗಾಜು.
ಕೀಲಿ ತಿರುಗಿಸಿದಳು, ಕಾದಳು, ಹತ್ತಿಸಿದಳು.
ಹತ್ತಿತು,
ಮರುಕ್ಷಣವೇ ಹೆಡ್‌ಲೈಟು ಮಂಕಾಯಿತು,
ತಿಳಿಯಾಯಿತು, ಮತ್ತೆ ಮಂಕಾಯಿತು.
"ಹೋಯ್ತು! ಮತ್ತೆ ಕೆಟ್ಟಿತು!"
ಇಲ್ಲ, ಇದೇ ಅದು ಅಂದೆ.
ಜಾಲರಿ ಕರೆಂಟು ಕುಡಿಯುತ್ತಿದೆ, ಗುಟುಕು ಗುಟುಕು.
ನಾಲ್ಕು ವರ್ಷ ನಿನ್ನ ದೀಪ ಒಮ್ಮೆಯೂ ಮಂಕಾಗಲಿಲ್ಲವಲ್ಲ,
ಅದೇ ರೋಗ.

ಅವಳು ಮಾತಾಡಲಿಲ್ಲ. ಬೆಳಕು
ಕೊಟ್ಟಿಗೆಯ ಗೋಡೆಯ ಮೇಲೆ ಕುಗ್ಗುವುದನ್ನೂ ಹಿಗ್ಗುವುದನ್ನೂ
ನೋಡುತ್ತ ಕೂತಳು.
ಹಳದಿ ದೀಪ ಯಾವಾಗ ಆರಿತೋ
ಇಬ್ಬರೂ ಗಮನಿಸಲಿಲ್ಲ.

"ಪೂರ್ತಿ ಅಳಿಸಿತಾ?"
ಒಳಗಿನ ನೆನಪಿನಲ್ಲಿ ಇನ್ನೂ ಇದೆ.
ನಲವತ್ತು ಸಲ ಕಾದು ತಣಿದರೆ ಮರೆಯುತ್ತದೆ.
ನಲವತ್ತು ಎಂದರೆ ಹಸುಗಳು ಈಯುವ ಕಾಲ,
ಬೆರಳು ಮಡಚಿ ಎಣಿಸಿದಳು.
ಆಮೇಲೆ ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು,
ಬಿಸಿಲು ಮರೆಯ ಹಲಗೆ ಕೆಳಗಿಳಿಸಿ,
ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆದಳು.