ಇಪ್ಪತ್ತೆಂಟನೆಯ ದಿನ

ಕಾವು ಕೂತ ಹೇಂಟೆಯ ಹಾಗೆ ವಿಲಿಸಿ
ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಾಳೆ.
ಫ್ರಿಜ್ಜಿನಿಂದ ಈಗಷ್ಟೇ ಎದ್ದ ಪೆನಿಸಿಲಿನ್,
ಗಟ್ಟಿ ಮಜ್ಜಿಗೆಯಂಥದು.
ತಣ್ಣಗೇ ಚುಚ್ಚಿದರೆ ತೊಡೆ ಮೂರು ದಿನ ಬೈಯುತ್ತದೆ.

ತವೆಯುನಿ ದ್ವೀಪ. ದೋಣಿ ಬರುವ ಬುಧವಾರ.
ಬೆಂಚಿನ ಮೇಲೆ ಜೋಪೆ, ಹನ್ನೊಂದು ವರ್ಷ,
ಇದು ತನ್ನ ಹದಿನೇಳನೆಯ ಸೂಜಿ ಎಂದು
ರಗ್ಬಿ ಅಂಕ ಹೇಳುವ ಹಾಗೆ ಹೇಳುತ್ತಾನೆ.
ಒಮ್ಮೆ ಗಂಟಲು ನೋವು ಬಂದಿತ್ತು, ಹೋಗಿತ್ತು.
ಹೋಗುವಾಗ ಮೊಣಕಾಲು ಊದಿಸಿ
ಹೃದಯದ ಒಂದು ಕದವನ್ನು ಕಚ್ಚಿ ಹೋಗಿತ್ತು.
ಈಗ ಅದು ಸರಿಯಾಗಿ ಮುಚ್ಚುವುದಿಲ್ಲ.

ಕಲಿಯಲು ಬಂದ ಲೋಸಲಿನಿ ಕೇಳಿದಳು:
ಇದು ರೋಗಾಣುವನ್ನು ಹೇಗೆ ಕೊಲ್ಲುತ್ತದೆ, ಸಿಸ್ಟರ್?

ಕೊಲ್ಲುವುದೆಲ್ಲಿ, ಕಟ್ಟಲು ಬಿಡುವುದಿಲ್ಲ ಅಷ್ಟೆ.
ಬೆಳೆಯಬೇಕಾದರೆ ಅದು ತನ್ನ ಗೋಡೆ ಬಿಚ್ಚಿ ಮತ್ತೆ ಹೆಣೆಯಬೇಕು.
ಹೆಣೆಯುವ ಗಾರೆಯವನ ಕೈಯನ್ನೇ ಇದು ಹಿಡಿದುಬಿಡುತ್ತದೆ.
ಇಟ್ಟಿಗೆ ಇದೆ, ಬೆಸುಗೆ ಇಲ್ಲ.
ನೀರು ನುಗ್ಗುತ್ತದೆ, ಮನೆ ಒಡೆಯುತ್ತದೆ.
ಮಲಗಿದ ರೋಗಾಣುವಿಗೆ ಇದರ ಭಯವಿಲ್ಲ.
ನಮ್ಮ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ ನೋಡು,
ಹಾಗಾಗಿ ನಮ್ಮನ್ನು ಸವರಿಕೊಂಡು ಹೋಗುತ್ತದೆ.

ಹೋಗುತ್ತದೆಯೆ, ಎಲ್ಲರನ್ನೂ?

ವಿಲಿಸಿ ಉತ್ತರಿಸಲಿಲ್ಲ. ಜೋಪೆಯ ಹೆಸರು ಅವನಿಂದಲೇ ಹೇಳಿಸಿ,
ಕಾರ್ಡು ನೋಡಿ, ಸೂಜಿ ಇಳಿಸಿ, ಒಮ್ಮೆ ಹಿಂದಕ್ಕೆಳೆದು ನೋಡಿದಳು.
ರಕ್ತ ಕಾಣಲಿಲ್ಲ. ರಕ್ತನಾಳ ಸೇರಿದರೆ ಈ ಹಾಲೇ ವಿಷ.
ನಿಧಾನ, ನಿಧಾನ. ಸ್ನಾಯುವಿನೊಳಗೊಂದು ಬಿಳಿ ಕಣಜ,
ಸುಮಾರು ನಾಲ್ಕು ವಾರ ತೊಟ್ಟಿಕ್ಕಲು.
ಇನ್ನರ್ಧ ಗಂಟೆ ಎದ್ದರೆ ಕಾಲು ಮುರಿಯುತ್ತೇನೆ ಎಂದಳು.
ಟ್ರೇಯಲ್ಲಿ ಅಡ್ರಿನಲಿನ್, ಕೈಗೆಟಕುವಷ್ಟು ಹತ್ತಿರ.

ಮುಂದಿನವಳು ಉನೈಸಿ, ಎಂಟು ವರ್ಷ, ಮೊದಲ ಸಲ, ಜೊತೆಗೆ ತಾತ.
ಯಾವುದಾದರೂ ಮದ್ದು ಒಗ್ಗುವುದಿಲ್ಲವೆ? ಇಲ್ಲ.
ಅಲರ್ಜಿ? ಇಲ್ಲ ಇಲ್ಲ.
ಲೋಸಲಿನಿ ಸೂಜಿಯ ಮುಚ್ಚಳ ತೆಗೆದಾಗಿತ್ತು.
ವಿಲಿಸಿ ಕೂತಳು, ತಾತನ ಕಣ್ಣಿನ ಎತ್ತರಕ್ಕೆ:
ಯಾವಾಗಲಾದರೂ ಇವಳ ತುಟಿ ಊದಿತ್ತೆ?

ಓ, ಅದಾ! ಸುವದಲ್ಲಿದ್ದಾಗ,
ಕಿವಿ ನೋವಿಗೆ ಗುಲಾಬಿ ಬಣ್ಣದ ಸಿರಪ್ಪು ಕೊಟ್ಟ ರಾತ್ರಿ.
ಮೈಯೆಲ್ಲ ದದ್ದು, ಉಸಿರು ಸೀಟಿ ಹೊಡೆದಿತ್ತು.
ಏಡಿ ತಿಂದಿದ್ದಳಲ್ಲ, ಅದಕ್ಕೇ.

ಫ್ಯಾನಿನ ಸದ್ದು ಕೇಳಿಸಿತು.

ತುಂಬಿದ ಸಿರಿಂಜು ಹಾಗೇ ಸೂಜಿ ಡಬ್ಬಿಗೆ ಬಿತ್ತು.
ವಿಲಿಸಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ,
ಕಾಗದ ಹರಿಯುವಷ್ಟು ಒತ್ತಿ ಬರೆದಳು.
ವೈದ್ಯರಿಗೆ ಫೋನು ಮಾಡಿದಳು, ಬೇರೆ ಮದ್ದಿನ ಮಾತಾಡಿದಳು.
ತಾತ ಇನ್ನೂ ಏಡಿಯನ್ನೇ ಬೈಯುತ್ತಿದ್ದ.

ಜೋಪೆ ಕೂಗಿದ: ಅರ್ಧ ಗಂಟೆ ಆಯ್ತು!
ಇಪ್ಪತ್ತೆರಡು ನಿಮಿಷ, ಕೂತ್ಕೋ.

ಲೋಸಲಿನಿಯ ಬೆರಳು ಇನ್ನೂ ನಡುಗುತ್ತಿತ್ತು.
ಮದ್ದಿಗೆ ಗೋಡೆ ಗೊತ್ತು ಮಗಾ, ಮನುಷ್ಯರ ಗುರುತಿಲ್ಲ,
ಎನ್ನುತ್ತ ವಿಲಿಸಿ ಮತ್ತೊಂದು ತಣ್ಣನೆಯ ಸೀಸೆಯನ್ನು
ಅವಳ ಅಂಗೈಗಿಟ್ಟು ಬೆರಳು ಮಡಚಿದಳು.
ಹಿಡಿದುಕೋ.
ಇದು ಬೆಚ್ಚಗಾಗುವವರೆಗೆ
ಕೇಳುತ್ತಲೇ ಇರು.